ಹಲ್ವಾ ಅಂಗಡಿಗೆ ಬಾರದವರು

ಸಹೃದಯರೂ ವಿವೇಕಶಾಲಿಗಳೂ ಆದ ವಾಚಕ ಮಹಾಶಯರೇ, ಪರರ ಮನೆಯ ಊಟದ ಹಾಸಿನ ಮೇಲೆ ನಡೆದ ಮಾತುಕತೆಗಳನ್ನು ಲೋಕಕ್ಕೆ ಬಿತ್ತರಿಸುವುದು ಸಜ್ಜನರಿಗೆ ಉಚಿತವಲ್ಲವೆಂಬುದನ್ನು ಈ ನಿಮ್ಮ ವಿಧೇಯನು ಚೆನ್ನಾಗಿ ಬಲ್ಲನು. ಆದಾಗ್ಯೂ ಆ ಮನೆಯ ಯಜಮಾನರೇ, "ಬರಿ, ಒಂದಕ್ಷರ ಬಿಡಬೇಡ, ನನ್ನ ಹೆಂಡತಿ ಬೈದದ್ದನ್ನೂ ಸೇರಿಸು" ಎಂದು ಅಪ್ಪಣೆ ಕೊಡಿಸಿರುವುದರಿಂದ, ಸಂಕೋಚವನ್ನು ಬದಿಗಿರಿಸಿ ಈ ವೃತ್ತಾಂತವನ್ನು ತಮ್ಮ ಸನ್ನಿಧಿಯಲ್ಲಿ ಇಡುತ್ತಿದ್ದೇನೆ.

ನಾನು ಜೇನು ಸಾಕುವವನು. ವಸಂತದಲ್ಲಿ ಮೊಗಾನ್ ಬಯಲು, ಬೇಸಿಗೆಯಲ್ಲಿ ಸಬಲಾನ್ ಬೆಟ್ಟದ ಇಳಿಜಾರು. ಚಳಿಗಾಲದಲ್ಲಿ ಮಾತ್ರ ಇರಾನಿನ ಅರ್ದಬೀಲ್ ಊರಿನಲ್ಲಿ ಕರ್ಬಲಾಯಿ ಐವಾಜರ ಮನೆಯ ಮಹಡಿಯ ಕೋಣೆ. ಹಿತ್ತಲಿನ ಕೊಟ್ಟಿಗೆಯಲ್ಲಿ ನನ್ನ ಪೆಟ್ಟಿಗೆಗಳಿಗೆ ಹುಲ್ಲು ಹೊದಿಸಿ ಮಲಗಿಸುತ್ತಿದ್ದೆ. ಊಟಕ್ಕೆ ಮಾತ್ರ ಕೆಳಗಿಳಿದು ಅವರ ಹಾಸಿನ ಒಂದು ತುದಿಯಲ್ಲಿ ಕೂರುತ್ತಿದ್ದೆ. ಹೀಗೆ ಹನ್ನೊಂದು ಚಳಿಗಾಲ ಕಳೆದಿದ್ದವು.

ಐವಾಜರಿಗೆ ಅರವತ್ತನಾಲ್ಕು ವರ್ಷ. ಅವರ ಹಲ್ವಾ ಅಂಗಡಿ ಅವರ ತಂದೆಯ ಕಾಲದ್ದು. ಮೊಳಕೆ ಕಟ್ಟಿದ ಗೋಧಿಯ ಹಿಟ್ಟನ್ನು ತಾಮ್ರದ ಕೊಪ್ಪರಿಗೆಯಲ್ಲಿ ಬೆಣ್ಣೆಯೊಡನೆ ಗಂಟೆಗಟ್ಟಲೆ ಕೆದಕಿ ಮಾಡುವ ಕರಿ ಹಲ್ವಾ ನಿತ್ಯದ ವ್ಯಾಪಾರ; ಕೇಸರಿ ಹಾಕಿದ ಹಳದಿ ಹಲ್ವಾ ಸಾವಿನ ಮನೆಗಳಿಗೆ. ಊರಿನಲ್ಲಿ ಯಾರು ಸತ್ತರೂ ಮೊದಲು ಸುದ್ದಿ ತಿಳಿಯುವುದು ಮಸೀದಿಗೆ, ಎರಡನೆಯದಾಗಿ ಐವಾಜರಿಗೆ. ಹೆಂಡತಿ ಗುಲಂದಾಮ್, ಅಡುಗೆಯನ್ನೇ ಮಾತೃಭಾಷೆ ಮಾಡಿಕೊಂಡಿದ್ದ ಹೆಂಗಸು. ಮಗಳು ಸೆವಿಲ್ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಮಗ ಯಾಷಾರ್ ಅಂಗಡಿಯಲ್ಲಿ ಅಪ್ಪನ ಕೈಕೆಳಗಿದ್ದ. ಇವರೆಲ್ಲರ ಮೇಲೆ ಐವಾಜರ ತಾಯಿ, ಎಂಬತ್ತೆಂಟರ ಅಜ್ಜಿ. ಹೀಟರಿನ ಪಕ್ಕದ ಜಾಗ ಅವರದೇ.

ಹನ್ನೆರಡನೆಯ ಚಳಿಗಾಲಕ್ಕೆ ನಾನು ಬೆಟ್ಟದಿಂದ ಇಳಿದು ಬಂದಾಗ ಐವಾಜರ ಸೊಂಟಪಟ್ಟಿಯಲ್ಲಿ ಮೂರು ಹೊಸ ತೂತುಗಳಿದ್ದವು.

"ಏನ್ರೀ, ಅನ್ನ ಹಾಗೇ ಇದೆ," ಎಂದರು ಗುಲಂದಾಮ್. "ಬಾದಾಮಿ ಹಾಕಿದ ಮಾಂಸದ ಸಾರು. ನೀವೇ ಕೇಳಿದ್ದು."

"ಕೇಳಿದ್ದು ಬಾಯಿ. ಹೊಟ್ಟೆ ಬೇಡ ಅಂತಿದೆ."

"ಹೊಟ್ಟೆಯ ಮಾತು ಕೇಳಿದ್ರೆ ಸಂಸಾರ ನಡೆಯುತ್ತಾ? ತಿನ್ನಿ."

ಐವಾಜರು ಎರಡು ತುತ್ತು ತಿಂದು, ಎದ್ದು ಹೋಗಿ, ಹಿತ್ತಲಿನಲ್ಲಿ ಕಕ್ಕಿ ಬಂದರು. ಮಾರನೆಯ ದಿನ ಸೆವಿಲ್ ಶಾಲೆಗೆ ರಜೆ ಹಾಕಿ ಅವರನ್ನು ಆಸ್ಪತ್ರೆಗೆ ಎಳೆದೊಯ್ದಳು. ಬಾಯಿಯಿಂದ ನಳಿಕೆ ಇಳಿಸಿ ನೋಡಿದರು, ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು, ಹೊಟ್ಟೆಯ ಚಿತ್ರ ತೆಗೆದರು. ಹತ್ತನೆಯ ದಿನ ಶಸ್ತ್ರವೈದ್ಯರು, ನಮ್ಮ ಕಡೆ ವಾಡಿಕೆಯಿರುವಂತೆ, ರೋಗಿಯನ್ನು ಹೊರಗೆ ಕೂರಿಸಿ ಮಕ್ಕಳನ್ನು ಮಾತ್ರ ಒಳಗೆ ಕರೆದರು. ಅವರು ಹೇಳಿದ್ದನ್ನು ಸೆವಿಲ್ ಆ ಸಂಜೆ ಅಡುಗೆಮನೆಯಲ್ಲಿ, ನೀರಿನ ನಲ್ಲಿ ಜೋರಾಗಿ ಬಿಟ್ಟುಕೊಂಡು, ಅಮ್ಮನಿಗೂ ನನಗೂ ಹೇಳಿದಳು.

"ಇನ್ನೂ ಹೊಟ್ಟೆಯಿಂದಾಚೆ ಹರಡಿದ ಹಾಗೆ ಕಾಣ್ತಿಲ್ಲವಂತೆ. ಇಡೀ ಹೊಟ್ಟೆ ತೆಗೀಬೇಕು, ಆಮೇಲೆ ಔಷಧಿ. ಹಾಗೆ ಮಾಡಿದ್ರೆ ಇಂಥವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಐದು ವರ್ಷ ದಾಟ್ತಾರೆ ಅಂದ್ರು. ತೆಗೀದಿದ್ರೆ ಇನ್ನೊಂದು ಚಳಿಗಾಲ ಕಷ್ಟ ಅಂದ್ರು. ತಿಂಗಳೊಳಗೆ ಆಗ್ಬೇಕಂತೆ."

ಗುಲಂದಾಮ್ ನೆಲಕ್ಕೆ ಕೂತರು. ಅಲ್ಲಿಂದಲೇ ಕೇಳಿದರು: "ಇಡೀ ಹೊಟ್ಟೆ ತೆಗೆದ್ರೆ ನಾನು ಬಡಿಸೋದು ಎಲ್ಲಿಗೆ?"

"ಕರುಳನ್ನೇ ಮೇಲಕ್ಕೆ ಸೇರಿಸ್ತಾರಮ್ಮ."

"ಅಪ್ಪನಿಗೆ ಹೇಳೋದು ಬೇಡ," ಎಂದ ಬಾಗಿಲಲ್ಲಿ ನಿಂತಿದ್ದ ಯಾಷಾರ್. "ಹುಣ್ಣು ಅನ್ನೋಣ. ದೊಡ್ಡ ಹುಣ್ಣು."

"ಅಜ್ಜಿಗೂ ಬೇಡ," ಎಂದರು ಗುಲಂದಾಮ್. "ಬೀದಿಗಂತೂ ಬೇಡವೇ ಬೇಡ. ಆ ರೋಗದ ಹೆಸರು ಈ ಮನೆಯಲ್ಲಿ ಯಾರ ಬಾಯಲ್ಲೂ ಬರಕೂಡದು."

ನಮ್ಮೂರಿನಲ್ಲಿ ಅದಕ್ಕೆ ಹೆಸರಿಲ್ಲ. 'ಆ ರೋಗ' ಎಂದಷ್ಟೇ. ಹೆಸರು ಹೇಳಿದರೆ ಅದು ಹೊಸಿಲು ದಾಟಿ ಬರುವುದೆಂಬ ಭಯ.

ಹುಣ್ಣಿನ ಕತೆ ನಾಲ್ಕು ದಿನ ನಡೆಯಿತು.

"ಹುಣ್ಣಿಗೆ ಯಾರಾದ್ರೂ ಚಾಕು ಹಾಕ್ತಾರಾ?" ಎಂದರು ಐವಾಜರು. "ಜೇನಿನವನೇ, ನಿನ್ನ ಜೇನುತುಪ್ಪ ಎರಡು ಚಮಚ ಕೊಡು, ವಾಸಿಯಾಗುತ್ತೆ."

"ದೊಡ್ಡ ಹುಣ್ಣು ಅಪ್ಪಾ," ಎಂದ ಯಾಷಾರ್.

"ಎಷ್ಟು ದೊಡ್ಡದು?"

ಯಾಷಾರ್ ಕೈಯಲ್ಲಿ ಅಳತೆ ತೋರಿಸಿದ. ಅದು ಐವಾಜರ ಹೊಟ್ಟೆಗಿಂತ ದೊಡ್ಡದಾಗಿತ್ತು.

ಐದನೆಯ ದಿನ ಮಧ್ಯಾಹ್ನ ಐವಾಜರು ಚಹಾ ಚೆಲ್ಲಿದರು. ಗುಲಂದಾಮ್ ಹೊಸದಾಗಿ ಒಗೆದು ಹಾಸಿದ್ದ ಬಿಳಿ ಬಟ್ಟೆಯ ಮೇಲೆ. ನಾವೆಲ್ಲ ಉಸಿರು ಬಿಗಿಹಿಡಿದು ಬೈಗುಳಕ್ಕೆ ಕಾದೆವು. ಗುಲಂದಾಮ್, "ಹೋಗ್ಲಿ ಬಿಡಿ, ಬಟ್ಟೆ ತಾನೇ," ಎಂದು ಒರೆಸತೊಡಗಿದರು.

ಐವಾಜರ ಮುಖ ಬಿಳುಚಿಕೊಂಡಿತು. "ಏನು ಅಂದೆ?"

"ಬಟ್ಟೆ ತಾನೇ ಅಂದೆ."

"ಮೂವತ್ತಾರು ವರ್ಷದ ಸಂಸಾರ. ಒಂದು ಹನಿ ಚೆಲ್ಲಿದ್ರೆ ನಮ್ಮಪ್ಪನ್ನ, ಅವರಪ್ಪನ್ನ ಸಾಲಾಗಿ ಎಬ್ಬಿಸಿ ಬೈತಿದ್ದೆ. ಈಗ ಬಟ್ಟೆ ತಾನೇ?" ಅವರು ಮಗಳ ಕಡೆ ತಿರುಗಿದರು. "ಸೆವಿಲ್, ನಂಗೆ ಆ ರೋಗ ಬಂದಿದೆ. ಹೌದೋ ಅಲ್ವೋ?"

ಸೆವಿಲ್ ಸುಳ್ಳು ಹೇಳಲಾರದವಳು, ಹೌದೆಂದಳು. ಗುಲಂದಾಮ್ ಒರೆಸುವ ಬಟ್ಟೆಯನ್ನು ಮಗಳ ಮೇಲೆ ಎಸೆದು, "ನಾಲಿಗೆ ಹಿಡಿದಿಟ್ಟುಕೊಳ್ಳೋಕೆ ಬರಲ್ವೇನೇ, ಹಾಳಾದವಳೇ!" ಎಂದು ಬೈದರು. ಆ ಬೈಗುಳ ಕೇಳಿ ಐವಾಜರಿಗೆ ಸ್ವಲ್ಪ ಜೀವ ಬಂದಂತೆ ಕಂಡಿತು.

ಆದರೆ ಶಸ್ತ್ರಚಿಕಿತ್ಸೆಗೆ ಮಾತ್ರ ಅವರು ಒಪ್ಪಲಿಲ್ಲ. ಅದಕ್ಕೆ ಅವರದೇ ಆದ ಲೆಕ್ಕವಿತ್ತು.

"ತಾಮ್ರದ ಕೆಲಸದ ಸಫರ್. ಹೊಟ್ಟೆ ಕೊಯ್ಸಿಕೊಂಡ. ಅರವತ್ತು ತಟ್ಟೆ ಹಲ್ವಾ. ರೈಲ್ವೆಯ ಗಂಬರ್, ಕೊಯ್ಸಿಕೊಂಡ. ನಲವತ್ತು ತಟ್ಟೆ, ಮೇಲೆ ಖರ್ಜೂರ. ಅಂಚೆಯ ನೂರುಲ್ಲಾ, ಅವನನ್ನ ತೆಹರಾನಿಗೇ ಕರ್ಕೊಂಡು ಹೋಗಿದ್ರು. ತೆಹರಾನಿನ ಕೊಯ್ತಕ್ಕೆ ಎಂಬತ್ತು ತಟ್ಟೆ! ನಲವತ್ತು ವರ್ಷದಿಂದ ನಾನು ನೋಡ್ತಿದ್ದೀನಿ. ಆ ಚಾಕು ಮುಟ್ಟಿದವರೆಲ್ಲ ನನ್ನ ಕೊಪ್ಪರಿಗೆಗೇ ಬರ್ತಾರೆ. ಒಬ್ಬ ತಪ್ಪಿಸಿಕೊಂಡವನಿಲ್ಲ."

"ಅಪ್ಪಾ," ಎಂದಳು ಸೆವಿಲ್, "ಬದುಕಿ ಉಳಿದವರು ನಿಮ್ಮ ಅಂಗಡಿಗೆ ಸಾವಿನ ಹಲ್ವಾ ಹೇಳೋಕೆ ಯಾಕೆ ಬರ್ತಾರೆ?"

"ಅವರು ಕರಿ ಹಲ್ವಾಗೆ ಬರಬಹುದಲ್ಲ? ಬಂದು, 'ಕರ್ಬಲಾಯಿ, ನಂಗೆ ಆ ರೋಗ ಇತ್ತು, ಹೊಟ್ಟೆ ತೆಗೆಸಿದೆ, ಈಗ ಅರ್ಧ ಕಿಲೋ ಕೊಡಿ' ಅಂತ ಒಬ್ಬನಾದ್ರೂ ಹೇಳಿದ್ದುಂಟಾ?"

"ಯಾರು ಹೇಳ್ತಾರೆ? ನಾವು ಹೇಳ್ತಿದ್ದೀವಾ? ಎಲ್ಲರೂ ನಮ್ಮ ಹಾಗೇ ನಲ್ಲಿ ಬಿಟ್ಕೊಂಡೇ ಮಾತಾಡ್ತಾರೆ. ಸತ್ತವರು ಕಾಣ್ತಾರೆ, ಬದುಕಿದವರು ಕಾಣಲ್ಲ. ಲೆಕ್ಕ ತಪ್ಪಾಗೋದು ಅಲ್ಲೇ."

"ನಿನ್ನ ಲೆಕ್ಕ ಹಲಗೆ ಮೇಲಿಂದು. ನನ್ನದು ತಟ್ಟೆ ಮೇಲಿಂದು. ಹೊಟ್ಟೆ ತೆಗೆಸಿಕೊಂಡು ಉಸಿರಾಡ್ತಿರೋ ಒಬ್ಬನ್ನ ಈ ಮನೆಗೆ ಕರ್ಕೊಂಡು ಬಂದು ತೋರ್ಸು. ನಾಳೆಯೇ ಮೇಜಿನ ಮೇಲೆ ಮಲಗ್ತೀನಿ. ಇಲ್ಲಾಂದ್ರೆ ಬಾಯಿ ಮುಚ್ಚು."

ಹೀಗೆ ಒಬ್ಬ ಬದುಕಿದವನ ಹುಡುಕಾಟ ಆರಂಭವಾಯಿತು. ವೈದ್ಯರು ಕೊಟ್ಟಿದ್ದ ತಿಂಗಳಿನಲ್ಲಿ ಆಗಲೇ ಒಂದು ವಾರ ಕಳೆದಿತ್ತು.

ಸೆವಿಲ್ ಆಸ್ಪತ್ರೆಗೆ ಹೋದಳು. ರೋಗಿಗಳ ಹೆಸರು ಹೇಳುವಂತಿಲ್ಲ ಎಂದರು ಶಸ್ತ್ರವೈದ್ಯರು. "ಇದ್ದಾರೆ, ಬಹಳ ಜನ ಇದ್ದಾರೆ, ನಿನ್ನೆ ಒಬ್ಬರು ಬಂದು ಹೋದರು" ಎಂದು ಮಾತ್ರ ಹೇಳಿದರು. ಯಾಷಾರ್ ಪೇಟೆಯಲ್ಲಿ ವಿಚಾರಿಸತೊಡಗಿದ. ತಾಳ್ಮೆಯಿಲ್ಲದ ಹುಡುಗ, ಕಂಬಳಿ ವ್ಯಾಪಾರಿಯೊಬ್ಬನ ಹತ್ತಿರ ಹೋಗಿ, "ನಿಮ್ಮ ಮಾವ ತುಂಬ ಸಣ್ಣಗಾಗಿದ್ದರಲ್ಲ, ಹೊಟ್ಟೆ ಇದೆಯಾ?" ಎಂದು ನೇರವಾಗಿ ಕೇಳಿಬಿಟ್ಟ. ವ್ಯಾಪಾರಿ ಗಜಕಡ್ಡಿ ಎತ್ತಿಕೊಂಡು ಬೀದಿಯ ತಿರುವಿನವರೆಗೂ ಅಟ್ಟಿಸಿಕೊಂಡು ಬಂದ. "ನಮ್ಮ ಮನೆತನದಲ್ಲಿ ಅಂಥದ್ದೆಲ್ಲ ಇಲ್ಲ! ನಮ್ಮ ಮನೆತನದಲ್ಲಿ ಎಲ್ಲರಿಗೂ ಹೊಟ್ಟೆ ಇದೆ!"

ಆಗ ಯಾಷಾರನ ತಲೆಗೆ ಪಕ್ಕದ ಊರು ಸರೇಯ್ನಿನ ಬಿಸಿನೀರಿನ ಕೊಳಗಳು ಹೊಳೆದವು.

"ಅಲ್ಲಿ ಎಲ್ಲ ಗಂಡಸರೂ ಅಂಗಿ ಬಿಚ್ಚಿರ್ತಾರೆ," ಎಂದ ನನಗೆ. "ಎದೆಯ ಕೆಳಗಿಂದ ಹೊಕ್ಕುಳ ದಾಟೋವರೆಗೆ ನೇರ ಗೆರೆ ಇರುತ್ತಂತೆ. ಗೆರೆ ಇರೋನ್ನ ಹಿಡ್ಕೊಂಡು ಬರೋದು. ನೀವೂ ಬನ್ನಿ, ನನ್ನೊಬ್ಬನಿಗೇ ಹೊಡೆದಾರು."

ಎರಡು ದಿನ ನಾವಿಬ್ಬರೂ ಕೊರಳವರೆಗೆ ಬಿಸಿನೀರಿನಲ್ಲಿ ಕೂತು ಅರ್ದಬೀಲಿನ ಹೊಟ್ಟೆಗಳನ್ನು ವೀಕ್ಷಿಸಿದೆವು. ಅಡ್ಡ ಗೆರೆ ಕಂಡೆವು, ಓರೆ ಗೆರೆ ಕಂಡೆವು. ಪಿತ್ತದ ಕಲ್ಲು ತೆಗೆಸಿದವನೊಬ್ಬ ತನ್ನ ಕಲ್ಲನ್ನು ಸೀಸೆಯಲ್ಲಿಟ್ಟುಕೊಂಡಿರುವುದಾಗಿ ಹೇಳಿ, ನೋಡಲು ಮನೆಗೆ ಕರೆದ. ಮೂರನೆಯ ದಿನ ಕೊಳದ ಮೇಲ್ವಿಚಾರಕ ನಮ್ಮನ್ನು ಪಕ್ಕಕ್ಕೆ ಕರೆದ.

"ನೀವು ನೀರಿಗೆ ಬಂದಿದ್ದೀರೋ, ಹೊಟ್ಟೆ ನೋಡೋಕೆ ಬಂದಿದ್ದೀರೋ? ಗಿರಾಕಿಗಳು ದೂರು ಕೊಡ್ತಿದ್ದಾರೆ."

ಯಾಷಾರ್ ನಿಜ ಹೇಳಿ ಅತ್ತುಬಿಟ್ಟ. ಮೇಲ್ವಿಚಾರಕ ಮೆತ್ತಗಾದ. "ಅಂಥ ಗೆರೆ ಇರೋರು ಈ ಹೊತ್ತಲ್ಲಿ ಬರಲ್ಲಪ್ಪ. ಮಂಗಳವಾರ ಬೆಳಗಿನ ಜಾವ, ನೀರು ತುಂಬಿಸಿದ ಕೂಡಲೇ, ಯಾರೂ ಇಲ್ಲದಾಗ ಒಬ್ಬರು ಬರ್ತಾರೆ. ವರ್ಷಗಳಿಂದ ಬರ್ತಿದ್ದಾರೆ. ಹೆಸರು ನಾನು ಕೇಳಿಲ್ಲ."

ಮಂಗಳವಾರ ಮುಂಜಾನೆ ಹಿಮ ಬೀಳುತ್ತಿತ್ತು. ಆವಿಯ ನಡುವೆ ಒಂದು ತಲೆ ಮಾತ್ರ ಕಾಣಿಸಿತು. ನಾವು ನೀರಿಗಿಳಿದು ಹತ್ತಿರ ಹೋದೆವು. ಆ ತಲೆ ನಮ್ಮನ್ನು ನೋಡಿ ಸರಕ್ಕನೆ ನೀರಿನೊಳಗೆ ಮುಳುಗಿತು. ನಾವು ಕಾದೆವು. ಮನುಷ್ಯ ಎಷ್ಟು ಹೊತ್ತು ಮುಳುಗಿರಬಲ್ಲ? ಕೊನೆಗೆ ಕೆಮ್ಮುತ್ತ ಮೇಲೆ ಬಂದದ್ದು ಹಾಜಿ ಬಖ್ಶಲಿ.

"ಚಿಕ್ಕಪ್ಪಾ!" ಎಂದ ಯಾಷಾರ್.

ಇಲ್ಲಿ ಒಂದು ವಿಷಯವನ್ನು ಅರಿಕೆ ಮಾಡಬೇಕು. ಹಾಜಿ ಬಖ್ಶಲಿ ಐವಾಜರ ಷಡ್ಡಕ. ಗುಲಂದಾಮರ ತಂಗಿ ಮಹ್‌ಲಗಾಳ ಗಂಡ. ಭೂದಾಖಲೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಒಂಬತ್ತು ವರ್ಷದ ಹಿಂದೆ ಅವರು ಜಮೀನಿನ ವ್ಯಾಜ್ಯವೆಂದು ಮೂರು ತಿಂಗಳು ತೆಹರಾನಿಗೆ ಹೋಗಿ, ಅರ್ಧ ಮನುಷ್ಯನಾಗಿ ಮರಳಿ, "ಅಲ್ಲಿನ ನೀರು ಹಿಡಿಸಲಿಲ್ಲ" ಎಂದಿದ್ದರು. ಅದೇ ವರ್ಷ ಐವಾಜರು ಕರ್ಬಲಾ ಯಾತ್ರೆ ಮುಗಿಸಿ 'ಕರ್ಬಲಾಯಿ' ಎನಿಸಿಕೊಂಡು ಬಂದು ಮುನ್ನೂರು ಜನಕ್ಕೆ ಔತಣ ಕೊಟ್ಟರು. ಬಖ್ಶಲಿ ಮೂರು ಚಮಚ ಅನ್ನ ತಿಂದು ಕೈತೊಳೆದು ಎದ್ದರು. "ನನ್ನ ಅನ್ನ ಈ ದೊಡ್ಡ ಮನುಷ್ಯನ ಗಂಟಲಲ್ಲಿ ಇಳಿಯಲ್ಲ!" ಎಂದು ಐವಾಜರು ಎಲ್ಲರೆದುರು ಕೂಗಿದರು. ಅಂದಿನಿಂದ ಷಡ್ಡಕರ ನಡುವೆ ಮಾತಿಲ್ಲ.

ಈಗ ಆ ದೊಡ್ಡ ಮನುಷ್ಯನ ಎದೆಗೂಡಿನಿಂದ ಹೊಕ್ಕುಳದ ಕೆಳಗಿನವರೆಗೆ ಒಂದು ಬಿಳಿ ಗೆರೆ ಕಾಣುತ್ತಿತ್ತು.

"ನೀನೇನೂ ನೋಡಿಲ್ಲ," ಎಂದರು ಬಖ್ಶಲಿ.

"ಎಲ್ಲಾ ನೋಡಿದೆ ಚಿಕ್ಕಪ್ಪಾ. ನಮ್ಮಪ್ಪನಿಗೂ ಅದೇ. ಬದುಕಿರೋ ಒಬ್ಬನ್ನ ತೋರಿಸಿದ್ರೆ ಮಾತ್ರ ಕೊಯ್ಸಿಕೊಳ್ತೀನಿ ಅಂತ ಹಟ ಹಿಡಿದಿದ್ದಾರೆ. ನೀವೊಂದ್ಸಲ ಬಂದು ಅಂಗಿ ಎತ್ತಿ ತೋರ್ಸಿ ಸಾಕು."

ಬಖ್ಶಲಿ ಮತ್ತೆ ಕೊರಳವರೆಗೆ ನೀರಿಗಿಳಿದರು. "ನಮ್ಮ ಕಿರಿ ಮಗಳು ತೆಲ್ಲಿಯ ಮದುವೆ ವಸಂತದ ಹೊಸವರ್ಷ ಆದ ಮೇಲೆ. ಗಂಡಿನ ಕಡೆಯವರಿಗೆ ತಿಳಿದ್ರೆ, ಈ ಮನೆಯ ರಕ್ತದಲ್ಲೇ ಆ ರೋಗ ಇದೆ ಅಂತಾರೆ. ಇಬ್ಬರು ಹೆಣ್ಣುಮಕ್ಕಳನ್ನ ದಾಟಿಸಿದ್ದೀನಿ. ಇನ್ನೊಬ್ಬಳು ಉಳಿದಿದ್ದಾಳೆ. ನಿಮ್ಮಪ್ಪ ಒಂಬತ್ತು ವರ್ಷ ಊರ ತುಂಬ ನನ್ನನ್ನ ಅಹಂಕಾರಿ ಅಂದ. ಅನ್ನಿಸಿಕೊಂಡೆ. ಅಹಂಕಾರಿಯ ಮಗಳನ್ನ ಜನ ತರ್ತಾರೆ. ಹೊಟ್ಟೆ ಇಲ್ಲದವನ ಮಗಳನ್ನ ತರಲ್ಲ."

ನಾವು ಬರಿಗೈಯಲ್ಲಿ ಹಿಂದಿರುಗಿದೆವು. ಆದರೆ ಯಾಷಾರ್ ಅಮ್ಮನಿಗೆ ಹೇಳದೆ ಇರಲಿಲ್ಲ. ಗುಲಂದಾಮ್ ಅರ್ಧ ಹೆಚ್ಚಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟು, ಕೈಯಲ್ಲಿ ಚಾಕು ಇರುವುದನ್ನೂ ಮರೆತು, ನಾಲ್ಕು ಬೀದಿ ದಾಟಿ ತಂಗಿಯ ಮನೆಗೆ ನಡೆದರು. ಹಿಂದೆ ಸೆವಿಲ್, ಅವಳ ಹಿಂದೆ ನಾನು.

"ಒಂಬತ್ತು ವರ್ಷ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು. ನನ್ನಿಂದ ಮುಚ್ಚಿಟ್ಟೆಯಾ?"

"ನಿಂಗೆ ಹೇಳೋದೂ ಒಂದೇ, ರೊಟ್ಟಿ ಅಂಗಡಿಯ ಸಾಲಲ್ಲಿ ನಿಂತು ಕೂಗೋದೂ ಒಂದೇ ಅಕ್ಕಾ," ಎಂದಳು ಮಹ್‌ಲಗಾ. "ಮೊದಲು ಚಾಕು ಕೆಳಗಿಡು."

"ನಾನ್ಯಾವಾಗ ಯಾರಿಗೆ ಏನು ಹೇಳಿದ್ದೀನಿ?"

"ನಾನು ಹಲ್ಲು ಕಟ್ಟಿಸಿಕೊಂಡದ್ದನ್ನ ಯಾರು ಹೇಳಿದ್ದು?"

"ಅದು ಹಲ್ಲು ಕಣೇ! ಇದು ಪ್ರಾಣ. ನಿನ್ನ ಗಂಡ ಒಂಬತ್ತು ವರ್ಷ ಬದುಕಿದ್ದಾನೆ. ನನ್ನ ಗಂಡನಿಗೆ ಎರಡು ವಾರ ಉಳಿದಿದೆ. ನಿನ್ನ ಗಂಡನ ಹೊಟ್ಟೆ ಒಂದರ್ಧ ಗಂಟೆ ಸಾಲ ಕೊಡು ಅಂತ ಕೇಳ್ತಿದ್ದೀನಿ. ಇಲ್ಲದ ಹೊಟ್ಟೆ! ಅದಕ್ಕೂ ಜಿಪುಣತನವಾ?"

ಮಹ್‌ಲಗಾ ಅತ್ತಳು, ಗುಲಂದಾಮ್ ಅತ್ತರು, ಇಬ್ಬರೂ ಸೇರಿ ಚಹಾ ಕುಡಿದರು. ಬಾಗಿಲ ಹಿಂದೆ ನಿಂತಿದ್ದ ತೆಲ್ಲಿ ಒಳಗೆ ಬಂದು, "ಅಪ್ಪಾ, ನೀವು ಹೋಗಿ ಬನ್ನಿ. ದೊಡ್ಡಪ್ಪ ಸತ್ತರೆ ಆ ಮದುವೆ ಊಟ ನನ್ನ ಗಂಟಲಲ್ಲೂ ಇಳಿಯಲ್ಲ," ಎಂದಳು. ಮೂಲೆಯಲ್ಲಿ ತಲೆತಗ್ಗಿಸಿ ಕೂತಿದ್ದ ಬಖ್ಶಲಿ, "ಶುಕ್ರವಾರ ಬರ್ತೀನಿ," ಎಂದರು.

ಶುಕ್ರವಾರ ಮಧ್ಯಾಹ್ನ ಪರದೆಗಳನ್ನೆಲ್ಲ ಎಳೆದು ಹಾಸು ಹಾಸಿದರು. ಐವಾಜರ ವಿನಾ ಮತ್ಯಾರೂ ಇರಬಾರದೆಂಬುದು ಬಖ್ಶಲಿಯವರ ಷರತ್ತು. ಹಾಗಾಗಿ ಅಜ್ಜಿಯೂ ಸೇರಿದಂತೆ ಮನೆಯವರೆಲ್ಲ ಇದ್ದೆವು. ಬಖ್ಶಲಿ ಒಳಬಂದೊಡನೆ ಐವಾಜರು ದಿಂಬಿಗೊರಗಿದ್ದವರು ನೆಟ್ಟಗೆ ಕೂತರು.

"ಇವನ್ಯಾಕೆ ಬಂದ? ನನ್ನ ಹಲ್ವಾಗೆ ಈಗಲೇ ಹೇಳಿ ಹೋಗೋಕಾ?"

"ಹೊಟ್ಟೆ ತೆಗೆಸಿಕೊಂಡವನ್ನ ತೋರ್ಸು ಅಂದ್ರಂತೆ," ಎಂದರು ಬಖ್ಶಲಿ. ಕೋಟು ಬಿಚ್ಚಿದರು, ಸ್ವೆಟರ್ ಬಿಚ್ಚಿದರು, ಇನ್ನೊಂದು ಸ್ವೆಟರ್ ಬಿಚ್ಚಿದರು, ಅಂಗಿ ಎತ್ತಿದರು. "ನೋಡಿ. ಒಂಬತ್ತು ವರ್ಷ, ಎರಡು ತಿಂಗಳು."

ಐವಾಜರು ಮಂಡಿಯ ಮೇಲೆ ತೆವಳಿ ಹತ್ತಿರ ಹೋದರು. ಹಲ್ವಾ ಹದ ನೋಡುವ ತೋರುಬೆರಳಿನಿಂದ ಗೆರೆಯನ್ನು ಒತ್ತಿ ನೋಡಿದರು.

"ಒಳಗೆ ಏನೂ ಇಲ್ವಾ?"

"ಕರುಳಿದೆ. ಹೊಟ್ಟೆ ಇಲ್ಲ."

"ಹಾಗಾದ್ರೆ ಇಷ್ಟು ವರ್ಷ ನನ್ನ ಏಳಿಗೆ ಕಂಡು ನೀನು ಉರೀತಿದ್ದದ್ದು ಎಲ್ಲಿಂದ?"

"ನಿಮ್ಮ ಏಳಿಗೆ ಅಷ್ಟು ದೊಡ್ಡದೇನಲ್ಲ. ಕರುಳೇ ಸಾಕಾಗುತ್ತೆ."

ಅಜ್ಜಿ ನಕ್ಕರು. ಐವಾಜರು ನಗಲಿಲ್ಲ. "ನನ್ನ ಔತಣದ ದಿನ...?"

"ಮೂರು ಚಮಚದ ಮೇಲೆ ಒಂದಗುಳು ತಿಂದಿದ್ರೂ ನಿಮ್ಮ ಹಾಸಿನ ಮೇಲೇ ಕಕ್ತಿದ್ದೆ. ಯೋಚನೆ ಮಾಡಿ ಎದ್ದೆ."

"ಒಂದು ಮಾತು ಕಿವಿಯಲ್ಲಿ ಹೇಳಬಾರದಾಗಿತ್ತಾ, ಪಾಪಿ? ಒಂಬತ್ತು ವರ್ಷ ಬೈದೆನಲ್ಲ ನಿನ್ನನ್ನ!"

"ಚೆನ್ನಾಗಿ ಬೈತಿದ್ರಿ. ಕೇಳಿದವರು ಬಂದು ಹೇಳ್ತಿದ್ರು."

ಕೆಲಸ ಮುಗಿಯಿತೆಂದು ಯಾಷಾರ್ ಫೋನಿನತ್ತ ಕೈ ಚಾಚಿದ. ಐವಾಜರು ತಡೆದರು. "ನಿಲ್ಲು. ಇವನು ಒಬ್ಬ. ಸೆವಿಲ್, ನೀನೇ ಹೇಳು, ಒಬ್ಬನಿಂದ ಏನಾದ್ರೂ ಸಾಬೀತಾಗುತ್ತಾ?"

ಸೆವಿಲ್ ತುಟಿ ಕಚ್ಚಿಕೊಂಡಳು. "...ಇಲ್ಲ."

"ನೋಡಿದ್ರಾ! ಮೇಷ್ಟರಮ್ಮನೇ ಹೇಳ್ತಿದ್ದಾಳೆ!"

"ನಿನ್ನ ಗಣಿತಕ್ಕೆ ಬೆಂಕಿ ಬೀಳ!" ಎಂದರು ಗುಲಂದಾಮ್ ಮಗಳಿಗೆ.

ಬಖ್ಶಲಿ ಅಂಗಿ ಇಳಿಸಿ, ಕೋಟಿನ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು, ರೊಟ್ಟಿಯ ಚೂರು, ಚೀಸಿನ ಚೂರು ಬಾಯಿಗಿಟ್ಟು ನಿಧಾನವಾಗಿ ಅಗಿದರು. "ಹೊತ್ತಾಯ್ತು, ಕ್ಷಮಿಸಿ. ಎರಡು ಗಂಟೆಗೊಮ್ಮೆ ತಿನ್ನಬೇಕು." ನುಂಗಿದ ಮೇಲೆ ಹೇಳಿದರು: "ನನ್ನ ವಾರ್ಡಿನಲ್ಲಿ ನಾಲ್ವರಿದ್ವಿ. ನಾಲ್ವರಿಗೂ ತೆಗೆದ್ರು. ಇಬ್ಬರು ಹೋದ್ರು. ನಾನಿದ್ದೀನಿ, ಆಸ್ತಾರಾದ ಮೀನಿನವನೊಬ್ಬನಿದ್ದಾನೆ. ಸುಳ್ಳು ಹೇಳೋಕೆ ಬಂದಿಲ್ಲ."

"ಹೋದ ಇಬ್ಬರು ಯಾರು?"

"ಒಬ್ಬ ಅಂಚೆಯ ನೂರುಲ್ಲಾ."

"ಎಂಬತ್ತು ತಟ್ಟೆ," ಎಂದರು ಐವಾಜರು ತಮಗೆ ತಾವೇ. "ಹಾಗಾದ್ರೆ ಅರ್ಧಕ್ಕರ್ಧ."

"ಅರ್ಧಕ್ಕರ್ಧ. ಐದನೆಯವನೊಬ್ಬನಿದ್ದ. ಚಾಕುವಿಗೆ ಹೆದರಿ ಎದ್ದು ಮನೆಗೆ ಹೋದ. ಅವನು ಗೋಧಿ ಕುಯ್ಲು ನೋಡಲಿಲ್ಲ."

ಹೀಟರಿನ ಪಕ್ಕದಿಂದ ಅಜ್ಜಿ ಹೇಳಿದರು: "ನಿಮ್ಮಪ್ಪನೂ ಚಾಕು ಹತ್ತಿರ ಸೇರಿಸಲಿಲ್ಲ. ಇಡೀ ಆಳಾಗಿ ಬಂದೆ, ಇಡೀ ಆಳಾಗೇ ಹೋಗ್ತೀನಿ ಅಂದ. ಹೋದ. ಆಗ ನಿಂಗೆ ಹದಿನೇಳು."

"ಅಮ್ಮಾ, ನಿಮಗೆ ನನ್ನ ರೋಗದ ವಿಷಯ ಯಾರು ಹೇಳಿದ್ರು?"

"ಯಾರೂ ಹೇಳದೆ ಇದ್ರಲ್ಲ, ಅದರಿಂದಲೇ ತಿಳೀತು. ಮೂರು ವಾರದಿಂದ ಎಲ್ಲರೂ ನನ್ನ ಜೊತೆ ಹವಾಮಾನದ ಮಾತಾಡ್ತಿದ್ದಾರೆ." ಅವರು ಕೈ ಚಾಚಿ ಮಗನ ಮೊಣಕಾಲು ಹಿಡಿದರು. "ನಿಮ್ಮಪ್ಪನ ಹಲ್ವಾ ಕೆದಕಿದ್ದು ನಾನು. ಕೊಪ್ಪರಿಗೆ ಮುಂದೆ ನಾಲ್ಕು ಗಂಟೆ ನಿಂತಿದ್ದೆ. ಈಗ ಮಗನದ್ದೂ ಕೆದಕು ಅಂದ್ರೆ ನನ್ನ ಕೈಲಾಗಲ್ಲ, ಐವಾಜ್. ತೋಳಲ್ಲಿ ಶಕ್ತಿ ಇಲ್ಲ. ನೀನು ಹೋಗಿ ಕೊಯ್ಸಿಕೊಂಡು ಬಾ."

ಐವಾಜರು ಹಾಸಿನ ಮೇಲೆ ಬಿದ್ದಿದ್ದ ರೊಟ್ಟಿಯ ಪುಡಿಯನ್ನು ಒಂದು ಕಡೆ ಗುಡಿಸಿದರು.

"ಗುರುವಾರ ಬೇಡ. ಗುರುವಾರ ಸಮಾಧಿಗೆ ಹೋಗೋರ ಹಲ್ವಾ ಜಾಸ್ತಿ ಇರುತ್ತೆ. ಬೇರೆ ಯಾವ ದಿನವಾದ್ರೂ ಸರಿ."

ಸೋಮವಾರ ಅವರನ್ನು ಮಲಗಿಸಿದರು. ಶಸ್ತ್ರಚಿಕಿತ್ಸೆ ಐದೂವರೆ ಗಂಟೆ ನಡೆಯಿತು. ಗುಲಂದಾಮ್ ಅಷ್ಟೂ ಹೊತ್ತು ಒಂದು ಪಾತ್ರೆ ಮಜ್ಜಿಗೆ ಸಾರನ್ನು ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಂದು ವಾರ ಬಾಯಿಗೆ ಏನೂ ಕೊಡುವುದಿಲ್ಲವೆಂದು ಎಷ್ಟು ಜನ ಹೇಳಿದರೂ ಕೆಳಗಿಡಲಿಲ್ಲ. ಬಖ್ಶಲಿ ಬಂದು ಪಕ್ಕದ ಬೆಂಚಿನಲ್ಲಿ ಕೂತು, ತಮ್ಮ ಡಬ್ಬಿಯನ್ನು ಮೂರು ಸಲ ತೆರೆದು ಮುಚ್ಚಿದರು.

ಶಸ್ತ್ರವೈದ್ಯರು ಹೊರಬಂದು ಹೇಳಿದರು: "ಪೂರ್ತಿ ತೆಗೆದಿದ್ದೀವಿ. ಹೊರಗೆಲ್ಲೂ ಕಾಣಲಿಲ್ಲ. ಪಕ್ಕದ ದುಗ್ಧಗ್ರಂಥಿಯ ಗಂಟುಗಳನ್ನೂ ತೆಗೆದು ಪರೀಕ್ಷೆಗೆ ಕಳಿಸಿದ್ದೀವಿ."

"ಹಾಗಾದ್ರೆ ಬದುಕ್ತಾರಾ?" ಎಂದ ಯಾಷಾರ್.

"ಇವತ್ತಿನ ಮಟ್ಟಿಗೆ ನನ್ನ ಕೆಲಸ ಚೆನ್ನಾಗಾಗಿದೆ. ಇನ್ನುಳಿದದ್ದಕ್ಕೆ ಔಷಧಿ ಇದೆ, ಮೂರು ತಿಂಗಳಿಗೊಮ್ಮೆ ಪರೀಕ್ಷೆ ಇದೆ. ಐದು ವರ್ಷ ಆದ ಮೇಲೆ ಈ ಪ್ರಶ್ನೆ ಕೇಳಿ, ಜೋರಾಗಿ ಉತ್ತರ ಹೇಳ್ತೀನಿ."

ಮರುದಿನ ಐವಾಜರು ಕಣ್ಣುಬಿಟ್ಟು ಮೊದಲು ಕೇಳಿದ್ದು ಮಗನನ್ನು: "ಅಂಗಡಿ ಬಿಟ್ಟು ಇಲ್ಲೇನು ಮಾಡ್ತಿದ್ದೀಯ? ಕೊಪ್ಪರಿಗೆ ತಳ ಹಿಡಿಯುತ್ತೆ, ಹೋಗು."

ಮನೆಗೆ ಬಂದ ಮೇಲೆ ನಿಜವಾದ ಯುದ್ಧ ಶುರುವಾಯಿತು. ದಿನಕ್ಕೆ ಆರು ಊಟ, ಪ್ರತಿ ಊಟ ಚಹಾ ಬಸಿಯಷ್ಟು. ಗುಲಂದಾಮ್ ತಟ್ಟೆಯೆಂದರೆ ಗುಡ್ಡವೆಂದು ತಿಳಿದವರು.

"ಇದು ಊಟವಾ? ಗುಬ್ಬಿಗೆ ಹಾಕಿದ ಹಾಗಿದೆ. ಯಾರಾದ್ರೂ ನೋಡಿದ್ರೆ ಗಂಡನ್ನ ಉಪವಾಸ ಕೆಡವಿದ್ದಾಳೆ ಅಂತಾರೆ."

"ಅಮ್ಮಾ, ಜಾಸ್ತಿ ಹಾಕಿದ್ರೆ ಅವರಿಗೇ ಕಷ್ಟ," ಎಂದು ಸೆವಿಲ್ ಗೋಡೆಗೆ ವೇಳಾಪಟ್ಟಿ ಅಂಟಿಸಿದಳು. ಗುಲಂದಾಮ್ ಅದನ್ನು ಕಿತ್ತು, ತಮ್ಮದೊಂದನ್ನು ಅಂಟಿಸಿದರು. ಅದರಲ್ಲಿ ಒಂಬತ್ತು ಊಟಗಳಿದ್ದವು.

ಒಂದು ದಿನ ಐವಾಜರು ಯಾರಿಗೂ ತಿಳಿಯದಂತೆ ತಮ್ಮದೇ ಹಲ್ವಾ ಒಂದು ಚಮಚ ತಿಂದು, ಬೆವೆತು, ತಲೆಸುತ್ತಿ ಅಂಗಡಿಯ ಹಿಟ್ಟಿನ ಚೀಲದ ಮೇಲೆ ಮಲಗಿಬಿಟ್ಟರು. ಖಾಲಿ ಜಾಗದಲ್ಲಿ ಸಿಹಿ ನೇರವಾಗಿ ಇಳಿದರೆ ಹಾಗಾಗುವುದೆಂದು ಬಖ್ಶಲಿ ವಿವರಿಸಿದರು. "ನಲವತ್ತು ವರ್ಷ ಊರಿಗೆಲ್ಲ ತಿನ್ನಿಸಿದೆ," ಎಂದರು ಐವಾಜರು ಛಾವಣಿ ನೋಡುತ್ತ. "ಈಗ ನಂಗೇ ಹೊಡೀತು." ಅಂದಿನಿಂದ ಹದ ನೋಡುವ ಚಮಚ ಯಾಷಾರನ ಕೈಗೆ ಬಂತು. ಅವನು ರುಚಿ ನೋಡುವಾಗ ಅಪ್ಪ ಅವನ ಮುಖವನ್ನು ದಿಟ್ಟಿಸಿ, "ಇನ್ನೂ ಹತ್ತು ನಿಮಿಷ ಕೆದಕು" ಎನ್ನುತ್ತಿದ್ದರು. ಸಾಮಾನ್ಯವಾಗಿ ಆ ಅಂದಾಜು ಸರಿಯಾಗಿಯೇ ಇರುತ್ತಿತ್ತು.

ಗಂಟುಗಳ ಪರೀಕ್ಷೆಯ ಫಲ ಬಂತು. ಇಪ್ಪತ್ತಾರರಲ್ಲಿ ಎರಡರಲ್ಲಿ ರೋಗವಿತ್ತು. ಸೆವಿಲ್ ಆ ಸಂಜೆ ನಲ್ಲಿ ಬಿಡದೆ, ಅಪ್ಪನ ಎದುರಿಗೇ ಕೂತು ಹೇಳಿದಳು.

"ಎರಡು ಅಂದ್ರೆ ಜಾಸ್ತಿಯಾ ಕಡಿಮೆಯಾ?"

"ಸೊನ್ನೆಗಿಂತ ಜಾಸ್ತಿ, ಅಪ್ಪಾ. ಇಪ್ಪತ್ತಾರಕ್ಕಿಂತ ಬಹಳ ಕಡಿಮೆ."

"ಅಷ್ಟು ಗಣಿತ ನಂಗೂ ಬರುತ್ತೆ," ಎಂದ ಅವರು ಮರುದಿನ ಟೋಪಿಯನ್ನು ತಲೆಗೇರಿಸಿ ಮೊದಲ ವಾರದ ಔಷಧಿಗೆಂದು ಆಸ್ಪತ್ರೆಗೆ ಹೊರಟರು.

ಇತ್ತ ಗುಲಂದಾಮ್, ಯಾರಿಗೂ ಹೇಳುವುದಿಲ್ಲವೆಂದು ತಂಗಿಗೆ ಆಣೆಯಿಟ್ಟಿದ್ದವರು, ರೊಟ್ಟಿ ಅಂಗಡಿಯ ಸಾಲಿನಲ್ಲಿ ಒಬ್ಬಳೇ ಒಬ್ಬ ಹೆಂಗಸಿಗೆ ಹೇಳಿದರು. ಹೊಸವರ್ಷಕ್ಕೆ ಇನ್ನೂ ಹತ್ತು ದಿನವಿರುವಾಗ ಗಂಡಿನ ಕಡೆಯ ಹಿರಿಯ, ವರನ ದೊಡ್ಡಪ್ಪ, ಮೊದಲೇ ತಿಳಿಸದೆ ಬಖ್ಶಲಿಯವರ ಬಾಗಿಲು ತಟ್ಟಿದರು. ಆಗ ನಾನು ಅಲ್ಲಿಗೆ ಜೇನಿನ ಸೀಸೆ ಕೊಡಲು ಹೋಗಿದ್ದೆ. ಮಹ್‌ಲಗಾಳ ಕೈಯಲ್ಲಿ ಚಹಾ ತಟ್ಟೆ ಇತ್ತು.

"ಹಾಜಿ, ನಿಮ್ಮ ವಿಷಯ ಕಿವಿಗೆ ಬಿತ್ತು," ಎಂದರು ಹಿರಿಯರು.

"ಬಿದ್ದಿರಬಹುದು," ಎಂದರು ಬಖ್ಶಲಿ. ಬೆರಳಿನಿಂದ ಉಂಗುರ ಕಳಚಿ ಹಿಂದಿರುಗಿಸುವವಳಂತೆ ತೆಲ್ಲಿ ಬಾಗಿಲಲ್ಲಿ ನಿಂತಿದ್ದಳು.

ಹಿರಿಯರು ಬಾಗಿಲು ಮುಚ್ಚಿದೆಯೇ ಎಂದು ನೋಡಿ, ದನಿ ತಗ್ಗಿಸಿದರು. "ನನ್ನ ತಮ್ಮ, ವರನ ತಂದೆ, ಅವನಿಗೂ ಅದೇ. ನಿಮಗೆ ತಿಳಿದ್ರೆ ಹೆಣ್ಣು ಕೊಡಲ್ವೇನೋ ಅಂತ ಹೆದರಿ ಸುಮ್ಮನಿದ್ವಿ. ಅವನು ಕೊಯ್ಸಿಕೊಳ್ಳಲ್ಲ ಅಂತಾನೆ. ನಿಮ್ಮ ಡಾಕ್ಟರ ಹೆಸರೇನು, ಹಾಜಿ?"

ಮಹ್‌ಲಗಾ ತಟ್ಟೆಯನ್ನು ನೆಲಕ್ಕಿಟ್ಟು, ತಾನೂ ಅದರ ಪಕ್ಕ ಕುಸಿದು ಕೂತು ನಗತೊಡಗಿದಳು. "ಡಾಕ್ಟರ ಹೆಸರು ಆಮೇಲೆ," ಎಂದರು ಬಖ್ಶಲಿ. "ಮೊದಲು ಅವರನ್ನ ನನ್ನ ಷಡ್ಡಕನ ಅಂಗಡಿಗೆ ಕರ್ಕೊಂಡು ಹೋಗಿ. ನಂಗೆ ಸಂಕೋಚ. ಅವನಿಗೆ ಅದೊಂದು ಇಲ್ಲ."

ಅದು ನಿಜವಾಯಿತು. ವರನ ತಂದೆ ಬಂದು, ನೋಡಿ, ಒಪ್ಪಿದರು. ಅವರ ಹಿಂದೆ ಕಂಬಳಿ ವ್ಯಾಪಾರಿಯ ಮಾವ ಬಂದರು. ಅವರಿಗೆ ಹೊಟ್ಟೆ ಇತ್ತು, ಆದರೆ ಇನ್ನು ಬಹಳ ದಿನ ಇರುವಂತಿರಲಿಲ್ಲ. ಖಲ್ಖಾಲಿನಿಂದ, ಮೆಷ್ಕಿನಿನಿಂದ ಹಟ ಹಿಡಿದ ಮುದುಕರನ್ನು ಮಕ್ಕಳು ಕಾರಿನಲ್ಲಿ ಹಾಕಿಕೊಂಡು ಬಂದರು. ಐವಾಜರು ಎಲ್ಲರಿಗೂ ಉಳಿದವರ ಲೆಕ್ಕವನ್ನೂ ಸತ್ತವರ ಲೆಕ್ಕವನ್ನೂ ಸೇರಿಸಿ ಹೇಳುತ್ತಿದ್ದರು. ಮಗಳು ಹಾಗೆಂದು ಕಟ್ಟುನಿಟ್ಟು ಮಾಡಿದ್ದಳು. "ನಾಚಿಕೆಯಿಲ್ಲದ ಮನುಷ್ಯ, ಬೀದಿಗೆ ಮುಖಮಾಡಿ ಅಂಗಿ ಎತ್ತುತ್ತಾರೆ!" ಎಂದು ಗುಲಂದಾಮ್ ಬೈಯುತ್ತಿದ್ದರು, ಬೈಯುತ್ತಲೇ, ಚಳಿ ತಾಗದಿರಲೆಂದು ಮುಂದೆ ಪೂರ್ತಿ ತೆರೆಯುವ, ಗುಂಡಿ ಹಚ್ಚಿದ ಉಣ್ಣೆಯ ಅಂಗಿಯೊಂದನ್ನು ಹೆಣೆದು ಕೊಟ್ಟರು.

ಹೊಸವರ್ಷ ಕಳೆಯಿತು, ತೆಲ್ಲಿಯ ಮದುವೆ ಕಳೆಯಿತು. ಮೊಗಾನ್ ಬಯಲಿನಲ್ಲಿ ಹೂವು ಬಂದಿದೆಯೆಂದು ಸುದ್ದಿ ಬಂತು. ನಾನು ಹಾಸಿಗೆ ಸುತ್ತಿದೆ, ಪುಸ್ತಕಗಳನ್ನು ಹಗ್ಗದಿಂದ ಕಟ್ಟಿದೆ, ಪೆಟ್ಟಿಗೆಗಳ ಹುಲ್ಲು ಬಿಚ್ಚಿ ಒಂದೊಂದಾಗಿ ಪಿಕಪ್ ಗಾಡಿಗೇರಿಸಿದೆ. ದಾರಿಯಲ್ಲಿ ಅಂಗಡಿಯ ಮುಂದೆ ನಿಲ್ಲಿಸಿದೆ. ಐವಾಜರು ತಮ್ಮ ಬೆಳಗಿನ ಮೂರನೆಯ ಊಟದಲ್ಲಿದ್ದರು: ಒಂದು ಬೇಯಿಸಿದ ಮೊಟ್ಟೆಯ ಅರ್ಧ.

"ಕೋಣೆ ಬೇರೆ ಯಾರಿಗೂ ಕೊಡಲ್ಲ," ಎಂದರು. "ಮೊದಲ ಹಿಮ ಬೀಳೋಕೆ ಮುಂಚೆ ಬಂದುಬಿಡು."

"ನೀವು ಇರ್ತೀರಾ ಕರ್ಬಲಾಯಿ?" ಹನ್ನೊಂದು ವರ್ಷದ ಸಲುಗೆಯಿಂದ ಕೇಳಿಬಿಟ್ಟೆ.

"ನಾನಾ? ನಂಗೆ ಮೂರು ತಿಂಗಳಿಗೊಮ್ಮೆ ತಪಾಸಣೆ ಇದೆ. ನಿಂಗೇನಿದೆ? ಆ ಹಳೇ ಗಾಡಿಗೆ ಬ್ರೇಕಾದ್ರೂ ಇದೆಯಾ? ನಾನು ಯೋಚನೆ ಮಾಡಬೇಕಾದ್ದು ನಿನ್ನ ಬಗ್ಗೆ."

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಇಬ್ಬರು ಗಂಡುಮಕ್ಕಳು ಮುದುಕರೊಬ್ಬರನ್ನು ತೋಳು ಹಿಡಿದು ಇಳಿಸಿದರು. ಮುದುಕರು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು, "ನಾನು ಒಳಗೆ ಬರಲ್ಲ, ನಂಗೇನೂ ಆಗಿಲ್ಲ, ಹುಣ್ಣು!" ಎಂದು ಕೂಗುತ್ತಿದ್ದರು. ಐವಾಜರು ಮೊಟ್ಟೆಯನ್ನು ಕೆಳಗಿಟ್ಟು ಎದ್ದರು. "ಹುಣ್ಣಾ? ಎಷ್ಟು ದೊಡ್ಡದು? ಬನ್ನಿ ಅಣ್ಣ, ಕೂತ್ಕೊಳ್ಳಿ, ಯಾಷಾರ್, ಚಹಾ ತಾ," ಎನ್ನುತ್ತ ಹೊಸಿಲಿಗೆ ಬಂದರು.

ಬಿಸಿಲೇರಿದರೆ ಜೇನ್ನೊಣಗಳು ಪೆಟ್ಟಿಗೆಯಲ್ಲಿ ತಳಮಳಿಸುತ್ತವೆ. ನಾನು ಹಗ್ಗಗಳನ್ನು ಮತ್ತೊಮ್ಮೆ ಎಳೆದು ನೋಡಿ, ಗಾಡಿಯೇರಿ ಹೊರಟೆ. ತಿರುವಿನಲ್ಲಿ ಹಿಂದಿರುಗಿ ಕೈ ಬೀಸಿದೆ. ಐವಾಜರು ನನ್ನನ್ನು ನೋಡಿದರು, ತಲೆಯಾಡಿಸಿದರು, ಆದರೆ ಕೈ ಬೀಸಲಿಲ್ಲ. ಅವರ ಎರಡು ಕೈಗಳೂ ಅಂಗಿಯ ಗುಂಡಿಗಳ ಮೇಲಿದ್ದವು.